ಎರಡು ಹಟ್ಟಿಗೆ ಒಂದು ಡಿಶ್

ಪೂರಿಗಾಲಿಯ ನಮ್ಮ ತೊಟ್ಟಿಮನೆ ಪಾಲಾದದ್ದು 2008ರಲ್ಲಿ. ಊರಿನ ಹಿರಿಯರು ಜಗಲಿ ಮೇಲೆ ಕೂತು ಗದ್ದೆ, ಹೊಲ, ತೆಂಗಿನ ಮರ, ಎತ್ತಿನ ಗಾಡಿ, ನೀರು ಕಾಯಿಸುವ ತಾಮ್ರದ ಹಂಡೆ ಎಲ್ಲವನ್ನೂ ಹಂಚಿದರು. ಹಂಡೆ ದೊಡ್ಡಪ್ಪನಿಗೆ ಹೋಯಿತು, ಅದರ ಬದಲಿಗೆ ಒರಳುಕಲ್ಲೂ ಒಂದಷ್ಟು ದುಡ್ಡೂ ಅಪ್ಪನಿಗೆ ಬಂತು. ತೊಟ್ಟಿಯ ನಟ್ಟನಡುವೆ ಗೋಡೆ ಎದ್ದಿತು. ಆ ಗೋಡೆಯಲ್ಲಿ ಬಾಗಿಲು, ಕಿಟಕಿ, ಗೂಡು ಯಾವುದೂ ಇರಕೂಡದೆಂದು ಪಾರಿಖತ್ತಿನಲ್ಲೇ ಬರೆಸಿದರು. ಅಜ್ಜಿಯನ್ನು ಪಾಲು ಮಾಡುವುದಕ್ಕಾಗದೆ ಒಂದು ತಿಂಗಳು ಈ ಹಟ್ಟಿ, ಒಂದು ತಿಂಗಳು ಆ ಹಟ್ಟಿ ಅಂತ ತೀರ್ಮಾನವಾಯಿತು. ಹಳೇ ಟೀವಿ ನಮ್ಮ ಪಾಲಿಗೆ ಬಂತು. ಮುಂದೆ ಟೀವಿಯಿಂದಲೇ ಇನ್ನೊಂದು ಪಂಚಾಯ್ತಿ ಆಗಬೇಕಾಗುತ್ತದೆ ಅಂತ ಅವತ್ತು ಅಲ್ಲಿ ಕೂತಿದ್ದ ಯಾರಿಗೂ ಹೊಳೆಯಲಿಲ್ಲ.

ದೊಡ್ಡಪ್ಪ ತಮ್ಮ ಭಾಗದ ಮಣ್ಣಿನ ಗೋಡೆ, ನಾಡಹೆಂಚು ಎರಡನ್ನೂ ಹಾಗೇ ಉಳಿಸಿಕೊಂಡರು. ಅವರ ನಡುಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು, ಹುಳಕ್ಕೆ ಆ ಗೋಡೆಯ ತಂಪು ಬೇಕು. ಅಪ್ಪ ಹೆಂಚು ಇಳಿಸಿ ಮೋಲ್ಡ್ ಹಾಕಿಸುವುದೆಂದು ಹೊರಟರು. ನಾನು ಆಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದೆ. ಮನೆಯ ವೈರಿಂಗ್ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಅಂತಾಯಿತು. ನಿಜವಾಗಿ ಕೆಲಸ ಗೊತ್ತಿದ್ದದ್ದು ಮಳವಳ್ಳಿಯಿಂದ ಬರುತ್ತಿದ್ದ ವೈರಿಂಗಿನ ಅಣ್ಣನಿಗೆ. ಅವರ ತಂದೆ ಶಿಂಷಾ ಪವರ್‌ಹೌಸಿನಲ್ಲಿದ್ದವರು. ಮಾತು ಶುರುವಾದರೆ ಮೊದಲು 1902ಕ್ಕೆ ಹೋಗಿ ನಿಲ್ಲುತ್ತಿತ್ತು. ‘ನೋಡಪ್ಪ, ಇಲ್ಲೇ ನಮ್ ಶಿವನಸಮುದ್ರದಲ್ಲಿ ಕರೆಂಟು ತಗುದ್ರು. ತಗುದು ಎಲ್ಲಿಗ್ ಕೊಟ್ರು? ಕೋಲಾರದ ಚಿನ್ನದ ಗಣಿಗೆ. ನಮ್ ತಲೆ ಮ್ಯಾಗೆ ಲೈನ್ ಹೋಯ್ತು, ನಾವು ಬುಡ್ಡಿ ದೀಪ ಹಚ್ಕೊಂಡು ನೋಡ್ತಾ ಕುಂತಿದ್ದೊ.’ ಸುಮಾರು 147 ಕಿಲೋಮೀಟರು ಎಳೆದಿದ್ದ ಆ ಲೈನು ಆ ಕಾಲಕ್ಕೆ ಪ್ರಪಂಚದಲ್ಲೇ ಬಹಳ ಉದ್ದದ್ದು. ಅದು ಹೊರಟ ಊರಿನ ಅಕ್ಕಪಕ್ಕದ ಹಳ್ಳಿಗಳಿಗೆ ಬಲ್ಬು ಬರಲು ಎಷ್ಟೋ ದಶಕ ಬೇಕಾಯಿತು ಅನ್ನುವ ಸಿಟ್ಟು ಅವರಿಗೆ ತಂದೆಯಿಂದ ಬಂದ ಆಸ್ತಿ.

ಮೋಲ್ಡ್ ಮನೆಯ ವೈರಿಂಗಿನಲ್ಲಿ ಒಂದು ಕಷ್ಟವಿದೆ. ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ ಮುಗಿದು, ಇನ್ನೇನು ಕಾಂಕ್ರೀಟು ಸುರಿಯಬೇಕು ಅನ್ನುವ ಮುಂಚೆ ಸಿಗುವ ಸಂಜೆಯಲ್ಲಿ ಪೈಪು ಹಾಯಿಸಿಬಿಡಬೇಕು. ಬೆಳಗಾದರೆ ಮಿಕ್ಸರ್ ಬಂದು ನಿಲ್ಲುತ್ತದೆ. ಆಮೇಲೆ ಏನು ನೆನಪಾದರೂ ಹೊಸ ಗೋಡೆ ಕೊರೆಯಬೇಕು. ಹಾಗಾಗಿ ಇನ್ನೂ ಗೋಡೆಗೆ ಗಾರೆಯೇ ಆಗದ ಮನೆಯಲ್ಲಿ ನಿಂತು, ಮುಂದಿನ ಮೂವತ್ತು ವರ್ಷ ಯಾರು ಎಲ್ಲಿ ಮಲಗುತ್ತಾರೆ, ಯಾರು ಎಲ್ಲಿ ಕೂತು ಟೀವಿ ನೋಡುತ್ತಾರೆ ಅನ್ನುವುದನ್ನು ಆ ಸಂಜೆಯೇ ಹೇಳಬೇಕು.

‘ಟೀವಿ ಎಲ್ಲಿ ಮಡಗ್ತೀರಿ ಗೌಡ್ರೇ?’

‘ಎಲ್ಲಿ ಮಡಗಾರು? ನಡುಮನೇಲಿ.’

ಅವ್ವ ಅಡುಗೆಮನೆ ಆಗಬೇಕಾಗಿದ್ದ ಜಾಗದಿಂದಲೇ ಕೂಗಿದಳು: ‘ಇಲ್ಲೊಂದು ಪಾಯಿಂಟ್ ಇರ್ಲಿ.’ ನಾನು ನನ್ನ ರೂಮಿಗೊಂದು ಅಂದೆ. ಅಪ್ಪನಿಗೆ ರೇಗಿತು. ‘ರೂಮ್‌ಗೊಂದು ಟೀವಿ ಅನ್ನಕ್ಕೆ ಇದೇನ್ಲಾ ಲಾಡ್ಜಾ?’ ಅಜ್ಜಿಯ ಕೋಣೆಯ ಮಾತು ಬಂದಾಗ ಅವಳು, ‘ನಂಗ್ಯಾಕ್ಲಾ ಟೀವಿ, ಸಾಯೋ ಕಾಲ್ದಲ್ಲಿ,’ ಅಂದಳು. ಎಲೆ ಅಡಿಕೆ ಒಂದು ಸುತ್ತು ಅಗಿದು, ‘ಇಕ್ಸಂಗಿದ್ರೆ ಮಂಚದ ಕಡೀಕೆ ಇಕ್ಸು,’ ಅಂತ ಸೇರಿಸಿದಳು.

ವೈರಿಂಗಿನ ಅಣ್ಣ ಯಾರಿಗೂ ಎದುರಾಡಲಿಲ್ಲ. ‘ಟೀವಿ ಬರ್ಲಿ ಬುಡ್ಲಿ, ಪೈಪ್ ಇರ್ಲಿ ಗೌಡ್ರೇ. ಪೈಪೇನು ಊಟ ಕೇಳಲ್ಲ,’ ಅಂತ ಎಲ್ಲ ಕೋಣೆಗೂ ಒಂದೊಂದು ಪಿವಿಸಿ ಪೈಪು ಎಳೆದರು. ಕರೆಂಟಿನ ಪೈಪೇ ಬೇರೆ, ಇದೇ ಬೇರೆ. ಎರಡನ್ನೂ ಒಂದರಲ್ಲಿ ತೂರಿಸಿದರೆ ಅಪಾಯ, ಮೇಲಾಗಿ ಪರದೆಯ ಮೇಲೆ ಗೆರೆ ಓಡುತ್ತವೆ. ಟೀವಿ ಪೈಪುಗಳೆಲ್ಲ ಒಂದರಿಂದ ಒಂದಕ್ಕೆ ಹೋಗದೆ, ಮೆಟ್ಟಿಲ ಮೇಲಿನ ಒಂದೇ ಪೆಟ್ಟಿಗೆಗೆ ಬಂದು ಸೇರಬೇಕು. ತಿರುವಿನಲ್ಲಿ ಎಲ್ಬೋ ಕೂಡದು, ಅಗಲವಾದ ಬೆಂಡೇ ಬೇಕು. ಟೀವಿ ಕೇಬಲ್ಲನ್ನು ಗಟ್ಟಿಯಾಗಿ ಮಡಚಿದರೆ ಒಳಗಿನ ತಾಮ್ರದ ಎಳೆ ನಡುವಿನಿಂದ ಸರಿದು, ಅಲ್ಲಿಂದ ಮುಂದಕ್ಕೆ ಸಿಗ್ನಲ್ ಸೊರಗುತ್ತದೆ. ಪ್ರತಿ ಪೈಪಿನೊಳಗೂ ಒಂದು ಜಿಐ ತಂತಿ ತೂರಿಸಿ, ಎರಡೂ ಬಾಯಿಗೆ ಹಳೇ ಪೇಪರು ತುರುಕಿ, ಮೇಲೆ ಟೇಪು ಸುತ್ತಿದರು. ಕಾಂಕ್ರೀಟಿನ ಹಾಲು ಒಳಗಿಳಿದು ಗಟ್ಟಿಯಾದರೆ ಪೈಪು ಇದ್ದೂ ಇಲ್ಲದ ಹಾಗೆ. ಕತ್ತಲಾದ ಮೇಲೂ ಟಾರ್ಚು ಹಿಡಿಸಿಕೊಂಡು ಒಂದೊಂದು ಬಾಯನ್ನೂ ಮುಟ್ಟಿ ನೋಡಿದರು. ಆ ಮನೆಗೆ ಖರ್ಚಾದ ದುಡ್ಡಿನಲ್ಲಿ ಎಲ್ಲಕ್ಕಿಂತ ಸಾರ್ಥಕವಾದದ್ದು ಆ ಖಾಲಿ ಪೈಪುಗಳಿಗೆ ಕೊಟ್ಟದ್ದು ಅಂತ ನಾನು ಈಗಲೂ ಹೇಳುತ್ತೇನೆ. ಗೇಟಿಗೆ ಸುರಿದದ್ದಂತೂ ದಂಡ.

ಮೇಲೆ ಏನು ನಿಲ್ಲಿಸುವುದು ಅನ್ನುವುದು ಇನ್ನೊಂದು ಜಗಳ. ನನಗೆ ಡಿಶ್ ಬೇಕಿತ್ತು. ಅಪ್ಪನಿಗೆ ಹಳೇ ಆಂಟೆನಾ ಉಳಿಯಬೇಕಿತ್ತು.

ಆ ಆಂಟೆನಾ 1987ರದ್ದು. ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿದ್ದ ವರ್ಷ, ಕಬ್ಬಿನ ದುಡ್ಡು ಕೈಗೆ ಬಂದದ್ದೇ ಅಪ್ಪ, ದೊಡ್ಡಪ್ಪ ಇಬ್ಬರೂ ಮೈಸೂರಿಗೆ ಹೋಗಿ, ಬಾಗಿಲು ಎಳೆದು ಮುಚ್ಚುವ ಕಪ್ಪು ಬಿಳುಪು ಸಾಲಿಡೇರ್ ಟೀವಿ ತಂದರು. ಕೆಂಪು ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಬಂದವರು ದೊಡ್ಡಪ್ಪ. ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಹಿಡಿದುಕೊಂಡು ಬಂದವರು ಅಪ್ಪ. ನಾವಿದ್ದದ್ದು ಸಿಗ್ನಲಿನ ಅಂಚಿನಲ್ಲಿ. ಬೆಂಗಳೂರಿನ ದೂರದರ್ಶನ ನೂರು ಕಿಲೋಮೀಟರು ಆಚೆ ಈಶಾನ್ಯಕ್ಕೆ, ಮೈಸೂರಿನದು ಪಡುವಲಿಗೆ. ಆಂಟೆನಾ ಯಾವ ಕಡೆ ತಿರುಗಿಸಬೇಕು ಅನ್ನುವುದರ ಮೇಲೆ ಅಣ್ಣ ತಮ್ಮಂದಿರು ಹೆಂಚಿನ ಮೇಲೂ ಕೆಳಗೂ ನಿಂತು ಕೂಗಾಡುತ್ತಿದ್ದರು. ‘ಬಂತಾ?’ ‘ಹೋಯ್ತು!’ ‘ಈಗ?’ ‘ಗೊಂಬೆ ಐತೆ, ಮಾತಿಲ್ಲ!’ ಇಡೀ ಬೀದಿ ಅದಕ್ಕೆ ದನಿಗೂಡಿಸುತ್ತಿತ್ತು.

ಆ ಕಡ್ಡಿಗಳ ಲೆಕ್ಕ ನಾನು ಡಿಪ್ಲೊಮಾ ಓದುವಾಗ ತಿಳಿಯಿತು. ವೈರು ಸಿಕ್ಕಿಸುವ ಕಡ್ಡಿ ಅಲೆಯ ಉದ್ದದ ಅರ್ಧದಷ್ಟಿರಬೇಕು. ಮೂರನೇ ಬ್ಯಾಂಡಿನ ಚಾನೆಲ್ಲಿಗಾದರೆ ಮುಕ್ಕಾಲು ಮೀಟರಿನ ಆಸುಪಾಸು, ಮೊದಲ ಬ್ಯಾಂಡಿಗಾದರೆ ಎರಡು ಮೀಟರಿಗೂ ಮೇಲೆ. ಹಿಂದೆ ಸ್ವಲ್ಪ ಉದ್ದನೆಯದೊಂದು, ಮುಂದೆ ಗಿಡ್ಡನೆಯವು ಕೆಲವು. ಜಪಾನಿನ ಸೆಂದೈ ಊರಿನ ವಿಶ್ವವಿದ್ಯಾಲಯದಲ್ಲಿ 1926ರ ಹೊತ್ತಿಗೆ ಇದನ್ನು ಕಂಡುಹಿಡಿಯುವಾಗ ಬಹುಪಾಲು ಕೆಲಸ ಮಾಡಿದವರು ಶಿಂತಾರೊ ಉಡಾ. ಹೆಸರು ಉಳಿದದ್ದು ಅವರ ಪ್ರೊಫೆಸರ್ ಯಾಗಿಯದು. ದುಡಿದವನು ಒಬ್ಬ, ಖಾತೆ ಇನ್ನೊಬ್ಬನ ಹೆಸರಿಗೆ. ಪಾಲಿನ ಜಗಳ ಕಂಡ ಮನೆಯವನಾದ್ದರಿಂದ ಈ ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಡಿಶ್ ಬಂದಮೇಲೆ ಉಪಗ್ರಹದ ಟೀವಿ ಬಂತು ಅಂತ ಜನ ಅನ್ನುತ್ತಾರೆ. ನಮ್ಮ ರಾಮಾಯಣ ಆಗಲೇ ಉಪಗ್ರಹ ಹತ್ತಿ ಇಳಿದೇ ಬರುತ್ತಿತ್ತು. 1983ರಲ್ಲಿ ಹಾರಿಸಿದ ಇನ್ಸಾಟ್-1ಬಿಗೆ ದಿಲ್ಲಿಯಿಂದ ಕಾರ್ಯಕ್ರಮ ಏರುತ್ತಿತ್ತು. ಊರೂರಿನ ಟ್ರಾನ್ಸ್‌ಮಿಟರುಗಳು ಅದನ್ನು ಇಳಿಸಿಕೊಂಡು ಸುತ್ತಮುತ್ತ ಹರಡುತ್ತಿದ್ದವು. ಆ ಉಪಗ್ರಹವನ್ನು ದಾರಿ ತಪ್ಪದಂತೆ ನೋಡಿಕೊಳ್ಳುತ್ತಿದ್ದದ್ದು ನಮ್ಮ ಹಾಸನದ ಕೇಂದ್ರವೇ. ದೊಡ್ಡ ಡಿಶ್ಶು ಊರಾಚೆ ಇತ್ತು, ನಮ್ಮ ಪಾಲಿಗೆ ಕಡ್ಡಿ ಇತ್ತು, ಅಷ್ಟೇ. ಆಮೇಲೆ ತೊಂಬತ್ತರ ದಶಕದಲ್ಲಿ ಕೇಬಲ್ಲಿನವರು ಬಂದು ಕರೆಂಟು ಕಂಬದಿಂದ ಕಂಬಕ್ಕೆ ಕರೀ ವೈರು ಎಳೆದರು, ಉದಯ ಟೀವಿ ಬಂತು. 2004ರ ಡಿಸೆಂಬರಿನಲ್ಲಿ ದೂರದರ್ಶನವೇ ತಿಂಗಳ ಬಾಡಿಗೆ ಇಲ್ಲದ ಡಿಶ್ ಸೇವೆ ಶುರುಮಾಡಿತು. ಅದರ ಹಿಂದೆ ಮುಂದೆ ದುಡ್ಡಿನ ಡಿಟಿಎಚ್‌ಗಳೂ ಬಂದವು.

ಅಪ್ಪನ ವಾದದಲ್ಲಿ ಹುರುಳಿತ್ತು. ಜೋರು ಮಳೆ ಬಂದರೆ ಡಿಶ್ ಕುರುಡಾಗುತ್ತದೆ. ಆ ಅಲೆಗಳು ಹತ್ತು ಹನ್ನೆರಡು ಗಿಗಾಹರ್ಟ್ಸಿನವು, ಮಳೆಹನಿಯೇ ಅವನ್ನು ಕುಡಿದುಬಿಡುತ್ತದೆ. ಆಂಟೆನಾಕ್ಕೆ ಮಳೆ ಲೆಕ್ಕಕ್ಕಿಲ್ಲ, ಗಾಳಿ ಮತ್ತು ಕೋತಿ ಮಾತ್ರ ಅದರ ವೈರಿಗಳು. ರಾತ್ರಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ಬರುವಾಗ ಮಳೆ ಬಂತು ಅಂತ ತಪ್ಪಿಸಿಕೊಳ್ಳುವುದಕ್ಕೆ ಅಪ್ಪ ತಯಾರಿರಲಿಲ್ಲ. ಆ ಕ್ವಿಜ್ ನಡೆಸುತ್ತಿದ್ದ ಸೋಮೇಶ್ವರ ಅವರಿಗಿಂತ ಮುಂಚೆ ಉತ್ತರ ಹೇಳಿ ಅವ್ವನ ಮುಖ ನೋಡುವುದು ಅವರ ದಿನದ ಕೊನೆಯ ಕೆಲಸ.

ಎರಡೂ ಒಂದೇ ವೈರಿನಲ್ಲಿ ಬರಬಹುದು ಅಂತ ನಾನು ಹೇಳಿದಾಗ ಯಾರೂ ನಂಬಲಿಲ್ಲ. ಆಂಟೆನಾದ್ದು 862 ಮೆಗಾಹರ್ಟ್ಸಿನೊಳಗೇ ಮುಗಿಯುತ್ತದೆ. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಆಕಾಶದ ಅಲೆಯನ್ನು ಇಳಿಸಿ ಕೊಡುವುದು 950ರಿಂದ 2150ರವರೆಗೆ. ಒಂದರ ದಾರಿ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಮೇಲೆ ಕೂಡಿಸುವುದಕ್ಕೊಂದು, ಕೆಳಗೆ ಬೇರ್ಪಡಿಸುವುದಕ್ಕೊಂದು ಡಿಪ್ಲೆಕ್ಸರ್ ಇದ್ದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದೆ, ಜೊತೆಗೆ ಆರ್‌ಜಿ-6 ಕೇಬಲಿನ ಸುರುಳಿ, ಒಂದು ಕವರಿನ ತುಂಬ ಎಫ್ ಕನೆಕ್ಟರು. ಸ್ಪ್ಲಿಟರು, ಡಿಪ್ಲೆಕ್ಸರು ಎರಡೂ ನೋಡಲು ಒಂದೇ ಥರ, ಬೆಂಕಿಪೊಟ್ಟಣದಷ್ಟು ಗಾತ್ರ. ಅಂಗಡಿಯವನೂ ಒಂದರ ಬದಲು ಇನ್ನೊಂದು ಕೊಡಬಹುದು, ಮೇಲಿನ ಅಕ್ಷರ ಓದಿಯೇ ತರಬೇಕು.

ಕನೆಕ್ಟರ್ ಹಾಕುವುದನ್ನು ವೈರಿಂಗಿನ ಅಣ್ಣ ನನಗೆ ಕೂರಿಸಿ ಹೇಳಿಕೊಟ್ಟರು. ಹೊರಗಿನ ಕರೀ ಸಿಪ್ಪೆ ಸುಲಿದರೆ ಬೆಳ್ಳಿಬಣ್ಣದ ಸಣ್ಣ ತಂತಿಗಳ ಜಾಲರಿ. ಅದನ್ನು ಹಿಂದಕ್ಕೆ ಮಡಚಿ ಸಿಪ್ಪೆಯ ಮೇಲೆ ಸವರಬೇಕು. ಒಳಗಿನ ಬಿಳೀ ಫೋಮನ್ನು ಸುತ್ತ ಕುಯ್ದು ತೆಗೆಯಬೇಕು. ನಡುವಿನ ತಾಮ್ರಕ್ಕೆ ಬ್ಲೇಡಿನ ಗೀರು ಬೀಳಬಾರದು. ಜಾಲರಿಯ ಒಂದೇ ಒಂದು ಎಳೆ, ಕೂದಲೆಳೆಯಂಥದ್ದು, ಆ ತಾಮ್ರಕ್ಕೆ ತಾಗಿದರೆ ಶಾರ್ಟ್. ಅಣ್ಣ ಪ್ರತಿ ತುದಿಯನ್ನೂ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಲ್ಲಿ ಊದಿ, ಆಮೇಲೆಯೇ ಕನೆಕ್ಟರ್ ತಿರುಗಿಸುತ್ತಿದ್ದರು.

ಡಿಶ್ ತಿರುಗಿಸಿದ್ದು ಆಗ್ನೇಯಕ್ಕೆ, ನಮ್ಮೂರಿಂದ ಹೆಚ್ಚುಕಡಿಮೆ ಮಲೆ ಮಹದೇಶ್ವರ ಬೆಟ್ಟದ ದಿಕ್ಕಿಗೆ. ಉಪಗ್ರಹ ಇರುವುದು ಸಮಭಾಜಕದ ನೇರಕ್ಕೆ 36,000 ಕಿಲೋಮೀಟರು ಮೇಲೆ. ನಾವು ಸಮಭಾಜಕಕ್ಕೆ ಹತ್ತಿರದವರಾದ್ದರಿಂದ ನೋಟ ಬಹಳ ಮೇಲಕ್ಕಿರಬೇಕು, ನೆಲದಿಂದ ಅರವತ್ತು ಡಿಗ್ರಿಗೂ ಹೆಚ್ಚು. ಅಜ್ಜಿ ಮೆಟ್ಟಿಲ ಬಳಿ ನಿಂತು ನೋಡಿ, ‘ಮಾದಪ್ಪನ ಕಡೀಕೇ ಮೊಕ ಮಾಡೈತಲ್ಲ,’ ಅಂತ ಕೈ ಮುಗಿದಳು. ಅಲ್ಲಿಗೆ ಡಿಶ್ ಬೇಕೋ ಬೇಡವೋ ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಕೊನೆಯಾಯಿತು.

ಅಜ್ಜಿ ‘ಮುಕ್ತ ಮುಕ್ತ’ ಧಾರಾವಾಹಿಗೆ ಬಿದ್ದದ್ದು ನಮ್ಮ ಮನೆಯ ತಿಂಗಳಲ್ಲಿ. ಮುಂದಿನ ತಿಂಗಳು ದೊಡ್ಡಪ್ಪನ ಮನೆಗೆ ಹೋದರೂ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಬೀದಿ ಸುತ್ತಿ ನಮ್ಮ ನಡುಮನೆಗೆ ಬಂದು ಕೂರುತ್ತಿದ್ದಳು. ದೊಡ್ಡವ್ವನಿಗೆ ಅವಮಾನವಾಯಿತು. ‘ನಮ್ಮನೆ ತಿಂಗ್ಳಲ್ಲಿ ಅಲ್ಲೋಗಿ ಕುಂತ್ರೆ ನೋಡ್ದೋರು ಏನಂದಾರು?’ ದೊಡ್ಡಪ್ಪನ ಮಗ ಒಂದು ಬಾಕ್ಸು, ಕಾರ್ಡು ತಂದ. ಡಿಶ್ ನಿಲ್ಲಿಸುವುದಕ್ಕೆ ಅವರಲ್ಲಿ ಜಾಗವಿಲ್ಲ. ನಾಡಹೆಂಚಿನ ಮೇಲೆ ಆಳು ನಿಂತರೆ ಹೆಂಚೇ ಪುಡಿ, ಹಿತ್ತಲಲ್ಲಿ ಕಂಬ ನೆಟ್ಟರೆ ಆಗ್ನೇಯಕ್ಕೆ ಸರಿಯಾಗಿ ತೆಂಗಿನ ಗರಿ. ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಆದರೆ ಅವ್ವ, ದೊಡ್ಡವ್ವ ಮಾತಾಡಿಕೊಂಡು ನಮ್ಮ ಡಿಶ್ಶಿನಿಂದಲೇ ವೈರು ಕೊಡುವುದೆಂದಾಯಿತು. ಅವನು ಮಳವಳ್ಳಿಯಿಂದ ಸ್ಪ್ಲಿಟರ್ ತಂದು ಸಿಕ್ಕಿಸಿ, ಗೋಡೆಯ ತಲೆ ಮೇಲಿಂದ ವೈರು ಇಳಿಸಿದ.

ಜಗಳ ಅಲ್ಲಿಂದ ಶುರು. ಆ ಕಡೆ ಅಜ್ಜಿ ಕೂತಿರುತ್ತಾಳೆ, ಈ ಕಡೆ ಅವ್ವ ಚಾನೆಲ್ ಬದಲಿಸುತ್ತಾಳೆ, ಆ ಕಡೆ ಪರದೆ ನೀಲಿ. ‘ಸಿಗ್ನಲ್ ಇಲ್ಲ.’ ಸ್ವಲ್ಪ ಹೊತ್ತಿಗೆ ತಾನಾಗೇ ಬರುತ್ತದೆ, ಮತ್ತೆ ಹೋಗುತ್ತದೆ. ಮಳೆಯಿಲ್ಲ, ಮೋಡವಿಲ್ಲ. ಅಪ್ಪ ಬೇಕೆಂದೇ ಮೇಲೆ ಹೋಗಿ ವೈರು ಕೀಳುತ್ತಾರೆ ಅಂತ ಆ ಕಡೆಯವರು. ಅವರು ಏನೋ ಸಿಕ್ಕಿಸಿ ನಮ್ಮ ಟೀವಿಯನ್ನೂ ಕೆಡಿಸುತ್ತಿದ್ದಾರೆ ಅಂತ ಈ ಕಡೆಯವರು. ಹಂಡೆಯ ವಿಷಯವೆಲ್ಲ ಮತ್ತೆ ಎದ್ದು ಬಂತು. ಪಾಲು ಮಾಡಿಸಿದ್ದ ಹಿರಿಯರೊಬ್ಬರು ಬಂದು ಜಗಲಿಯಲ್ಲಿ ಕೂತು, ರಿಮೋಟು ಕೈಯಲ್ಲಿ ಹಿಡಿದು, ಗಂಭೀರವಾಗಿ ಎರಡೂ ಮನೆಯ ಟೀವಿ ಪರೀಕ್ಷೆ ಮಾಡಿದರು.

ತಪ್ಪು ಯಾರದೂ ಅಲ್ಲ, ವೋಲ್ಟಿನದು. ಬಾಕ್ಸು ಕೇಬಲಿನಿಂದ ಸಿಗ್ನಲ್ ತೆಗೆದುಕೊಳ್ಳುವುದಷ್ಟೇ ಅಲ್ಲ, ಅದೇ ಕೇಬಲಿನಲ್ಲಿ ಮೇಲಕ್ಕೆ ಕರೆಂಟು ಕಳಿಸಿ ಎಲ್‌ಎನ್‌ಬಿಗೆ ಅಪ್ಪಣೆ ಕೊಡುತ್ತದೆ. ನಮ್ಮ ಆ ಉಪಗ್ರಹದ ಕೆಲವು ಚಾನೆಲ್ಲು ಲಂಬವಾಗಿ ಕಂಪಿಸುವ ಅಲೆಯಲ್ಲಿ, ಕೆಲವು ಅಡ್ಡಡ್ಡ ಕಂಪಿಸುವ ಅಲೆಯಲ್ಲಿ ಬರುತ್ತಿದ್ದವು. 13 ವೋಲ್ಟ್ ಕಳಿಸಿದರೆ ಲಂಬದ್ದು ಕೊಡು ಅಂತ ಅರ್ಥ, 18 ಕಳಿಸಿದರೆ ಅಡ್ಡದ್ದು. ಜೊತೆಗೆ 22 ಕಿಲೋಹರ್ಟ್ಸಿನ ಒಂದು ಸ್ವರ ಸೇರಿಸಿದರೆ ಮೇಲಿನ ಬ್ಯಾಂಡು, ಇಲ್ಲದಿದ್ದರೆ ಕೆಳಗಿನದು. ಒಂಟಿ ಎಲ್‌ಎನ್‌ಬಿ ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಕೇಳುತ್ತದೆ. ಸ್ಪ್ಲಿಟರಿನಲ್ಲಿ ಎರಡು ಬಾಕ್ಸು ಕೂಡಿಸಿದರೆ ಹದಿನೆಂಟರದ್ದೇ ನಡೆಯುತ್ತದೆ, ಹದಿಮೂರು ಕೇಳಿದವರಿಗೆ ನೀಲಿ ಪರದೆ. ಎರಡು ಮನೆಯೂ ಒಂದೇ ಗುಂಪಿನ ಚಾನೆಲ್ ನೋಡುವಾಗ ಮಾತ್ರ ಎಲ್ಲ ಸುಸೂತ್ರ. ಅದಕ್ಕೇ ಅದು ಬಂದು ಹೋಗಿ ಮಾಡುತ್ತಿದ್ದದ್ದು. ಹಿರಿಯರಿಗೆ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಅಂದ್ರೆ ಇದ್ಕೂ ಪಾಲು ಆಗ್ಬೇಕು ಅನ್ನಪ್ಪ,’ ಅಂದರು.

ಪಾಲಾಗುವುದಕ್ಕೆ ಬೇಕಿದ್ದದ್ದು ಟ್ವಿನ್ ಎಲ್‌ಎನ್‌ಬಿ. ಒಂದೇ ಡಿಶ್ಶಿನ ಮೂತಿಯಲ್ಲಿ ಎರಡು ಪ್ರತ್ಯೇಕ ಬಾಯಿ, ಒಂದೊಂದಕ್ಕೂ ಪ್ರತ್ಯೇಕ ಕೇಬಲ್. ಯಾರು ಯಾವ ಚಾನೆಲ್ ಹಾಕಿಕೊಂಡರೂ ಇನ್ನೊಬ್ಬರಿಗೆ ತೊಂದರೆಯಿಲ್ಲ. ಎಸ್.ಪಿ. ರಸ್ತೆಯಲ್ಲೇ ಸಿಕ್ಕಿತು. ಗೋಡೆ ತಲೆ ಮೇಲಿನ ಕೇಬಲ್ಲು ಬಿಸಿಲಿಗೆ ಬಿರಿದು ನೀರು ಕುಡಿಯುವುದರಿಂದ, ಈ ಸಲ ನಡುಗೋಡೆಯಲ್ಲೇ ತೂತು ಕೊರೆದು ಕೊಡುವುದು ಒಳ್ಳೆಯದು ಅಂತ ವೈರಿಂಗಿನ ಅಣ್ಣ ಹೇಳಿದರು. ಪಾರಿಖತ್ತು ತೆಗೆದು ನೋಡಿದರು. ಬಾಗಿಲು, ಕಿಟಕಿ, ಗೂಡು. ತೂತಿನ ಪ್ರಸ್ತಾಪವಿಲ್ಲ. ಕಿರುಬೆರಳು ತೂರುವಷ್ಟು ಕೊರೆಯಬಹುದು ಅಂತ ಹಿರಿಯರು ಒಪ್ಪಿಗೆ ಕೊಟ್ಟರು.

ಡ್ರಿಲ್ಲು ತಂದ ದಿನ ದೊಡ್ಡವ್ವ ಅಡ್ಡ ನಿಂತಳು. ‘ಹುಳ ನಾಲ್ಕನೇ ಜ್ವರದಲ್ಲವೆ. ಈಗ ಧೂಳು ಎಬ್ಬಿಸ್ಬುಟ್ಟಾರಿ!’ ಪೊರೆ ಬಿಡುವ ಹೊತ್ತಿಗೆ ಹುಳಗಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಇರುತ್ತವೆ. ಆಗ ತಟ್ಟೆ ಅಲುಗಿಸುವುದೂ ಕೂಡದು. ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆಗೆ ಹತ್ತಿ, ಗೂಡು ಕಟ್ಟಬೇಕು. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೋಗುವವರೆಗೂ ಡ್ರಿಲ್ಲು ಮುಟ್ಟುವ ಹಾಗಿಲ್ಲ. ಅಲ್ಲಿವರೆಗೆ ಅಜ್ಜಿ ಬೀದಿ ಸುತ್ತಿಯೇ ಬಂದಳು. ಆಮೇಲೆ ಈ ಕಡೆಯಿಂದ ಅಣ್ಣ ಕೊರೆದರು. ಆ ಕಡೆ ಮಣ್ಣಿನ ಗೋಡೆಯನ್ನು ಕೊರೆಯುವುದಕ್ಕೆ ಹೋಗಲಿಲ್ಲ. ಕೊರೆದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ತೊಲೆಯ ಪಕ್ಕಕ್ಕೇ ಕ್ಲಿಪ್ಪು ಹೊಡೆದುಕೊಂಡು ಹೋಗಿ ಟೀವಿ ಮುಟ್ಟಿಸಿದರು. ಎಲ್‌ಎನ್‌ಬಿಯ ಅರ್ಧ ದುಡ್ಡನ್ನು ದೊಡ್ಡಪ್ಪ ಅಜ್ಜಿಯ ಕೈಯಲ್ಲಿ ಕಳಿಸಿದರು. ಅಪ್ಪ ಎಣಿಸಿ, ಐದು ರೂಪಾಯಿ ಚಿಲ್ಲರೆ ಅವಳ ಕೈಯಲ್ಲೇ ವಾಪಸು ಕಳಿಸಿದರು. ಇಬ್ಬರ ನಡುವೆ ಪಾಲಾದ ಮೇಲೆ ನಡೆದ ಮೊದಲ ವ್ಯವಹಾರ ಅದು.

ಅಜ್ಜಿ ಹೋದಳು. ದೂರದರ್ಶನ ತನ್ನ ಹಳೇ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದು, 2022ರ ಹೊತ್ತಿಗೆ ದೇಶದಲ್ಲಿ ಆಯಕಟ್ಟಿನ ಜಾಗಗಳಲ್ಲಿದ್ದ ಸುಮಾರು 50 ಮಾತ್ರ ಉಳಿಸಿಕೊಂಡಿತು. ಆಂಟೆನಾದ ಕಡ್ಡಿಗಳನ್ನು ಅವ್ವ ಹೀರೇಬಳ್ಳಿಗೆ ಊರುಗೋಲು ಮಾಡಿದ್ದಾಳೆ. ಈಗ ಮನೆಗೆ ಫೈಬರ್ ಬಂದಿದೆ. ಅದನ್ನು ಎಳೆಯಲು ಬಂದ ಹುಡುಗ ಗೋಡೆಯ ಮೇಲೆ ಮೊಳೆ ಹೊಡೆಯಲು ಸುತ್ತಿಗೆ ತೆಗೆದಿದ್ದ. ಮೆಟ್ಟಿಲ ಮೇಲಿನ ಪೆಟ್ಟಿಗೆ ತೋರಿಸಿದೆ. ಅಡುಗೆಮನೆಯ ಪೈಪಿಗೆ ಟೀವಿ ವೈರು ಇಳಿದಿರಲೇ ಇಲ್ಲ. ಒಳಗೆ ಜಿಐ ತಂತಿ ಹಾಗೇ ಇತ್ತು, ತುದಿಗೆ ಫೈಬರ್ ಕಟ್ಟಿ ಎಳೆದರೆ ಬಂದುಬಿಟ್ಟಿತು.

ಕಳೆದ ವರ್ಷ ದೊಡ್ಡಪ್ಪನ ಮಗನೂ ಮಣ್ಣಿನ ಗೋಡೆ ಕೆಡವಿದ. ಮೋಲ್ಡಿನ ಹಿಂದಿನ ಸಂಜೆ ಫೋನ್ ಮಾಡಿದ.

‘ಪೈಪ್ ಎಲ್ಲೆಲ್ಲಿಗೆ ಇಕ್ಸನಾ?’

‘ಎಲ್ಲಾ ಕಡೀಕೂ. ಒಂದು ನಮ್ ಕಡೆ ಗೋಡೆಗೂ ಬುಡು.’

‘ಗೋಡೆ ವಿಷ್ಯಕ್ಕೆ ಚಿಕ್ಕಪ್ಪನ್ನ ಕೇಳ್ಬೇಕಲ್ಲ ಕಣ್ಲಾ.’

ಫೋನು ಅಪ್ಪನಿಗೇ ಕೊಟ್ಟೆ. ಅಪ್ಪ ಕನ್ನಡಕ ಮೇಲೇರಿಸಿಕೊಂಡು, ಪೂರ್ತಿ ಕೇಳಿ, ‘ಆಗ್ಲೇ ಇರೋ ತೂತಿಗೆ ಯಾರಪ್ಪಣೆ ಬೇಕ್ಲಾ? ಮೊದ್ಲು ಪೈಪಿನ ಬಾಯಿಗೆ ಪೇಪರು ತುರುಕ್ಸು, ಕಾಂಕ್ರೀಟ್ ಇಳ್ಕಂಡಾತು,’ ಅಂದರು.